ಸಿ.ಡಿ. ಇದೆ, ಹಾಕಲು ಜಾಗವಿಲ್ಲ: ಹೊಸ ಲ್ಯಾಪ್‌ಟಾಪಿಗೆ ಕೊಂಡ ತಂತ್ರಾಂಶ ತುಂಬುವ ಬಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಅಡಿಕೆ ತೋಟಗಾರರಿಗೂ ಮಲೆನಾಡಿನ ಕಾಫಿ ಬೆಳೆಗಾರರಿಗೂ ಬೇಸಾಯದ ಚಿಂತೆಗಳು ಬೇರೆ ಬೇರೆ. ಒಬ್ಬರಿಗೆ ಕೊಳವೆ ಬಾವಿಯಲ್ಲಿ ನೀರು ಇಳಿದ ಚಿಂತೆ, ಇನ್ನೊಬ್ಬರಿಗೆ ಮಳೆ ಹೆಚ್ಚಾಗಿ ಕಾಯಿ ಉದುರಿದ ಚಿಂತೆ. ಆದರೆ ಲೆಕ್ಕಪತ್ರದ ವಿಷಯದಲ್ಲಿ ಇಬ್ಬರಿಗೂ ಈಗ ಒಂದೇ ತೊಡಕು ಎದುರಾಗಿದೆ. ಹಣ ಕೊಟ್ಟು ಕೊಂಡ ತಂತ್ರಾಂಶದ ಸಿ.ಡಿ. ಬೀರುವಿನಲ್ಲಿ ಭದ್ರವಾಗಿದೆ. ಹೊಸದಾಗಿ ತಂದ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕುವ ಜಾಗವೇ ಇಲ್ಲ.

ಈ ಪ್ರಶ್ನೆ ಈಚೆಗೆ ಹೆಚ್ಚಾಗಿರುವುದಕ್ಕೆ ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಗಣಕಯಂತ್ರಗಳಲ್ಲಿ ಬಹಳಷ್ಟು ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಮುಂತಾದ ಅರ್ಹತೆಗಳನ್ನು ಹೊಂದಿಲ್ಲ. ಹಾಗಾಗಿ ಚೆನ್ನಾಗಿ ನಡೆಯುತ್ತಿದ್ದ ಯಂತ್ರವನ್ನೂ ಬದಲಿಸುವ ಪ್ರಸಂಗ ಅನೇಕರಿಗೆ ಬಂದಿದೆ. ಹೊಸದು ಬಂದ ದಿನ ಹಳೆಯದನ್ನು ಗುಜರಿಗೆ ಹಾಕುವ ಆತುರವೂ ಇರುತ್ತದೆ. ಇದರಲ್ಲಿಯೇ ಅಪಾಯವಿದೆ. ಹಳೆಯ ಯಂತ್ರದ ಜೊತೆಗೆ ಅದರ ಸಿ.ಡಿ. ಡ್ರೈವ್ ಹೋಗುತ್ತದೆ, ತಂತ್ರಾಂಶ ಹೋಗುತ್ತದೆ, ಕೊನೆಗೆ ಹತ್ತು ಹದಿನೈದು ವರ್ಷಗಳ ಚೇಣಿ ಲೆಕ್ಕ, ಚೆಕ್‌ರೋಲು, ಸದಸ್ಯರ ಸಾಲದ ಬಾಕಿ, ಎಲ್ಲವೂ ಓದಲಾಗದ ಸ್ಥಿತಿಗೆ ಬರುತ್ತವೆ. ಆದುದರಿಂದ ಯಂತ್ರ ಬದಲಿಸುವ ಮುನ್ನ ಪ್ರತಿಯೊಬ್ಬ ಬೆಳೆಗಾರರೂ, ಪ್ರತಿಯೊಂದು ಸಂಘದ ಗುಮಾಸ್ತರೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ.

ಕೊಂಡದ್ದು ಯಾವುದು?

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ನಾವು ಅಂಗಡಿಯಲ್ಲಿ ಹಣ ಕೊಟ್ಟು ತಂದದ್ದು ಸಿ.ಡಿ.ಯನ್ನಲ್ಲ. ಆ ತಂತ್ರಾಂಶವನ್ನು ಬಳಸುವ ಹಕ್ಕನ್ನು. ಅಡಿಕೆ ಮಂಡಿಗೆ ಹೋಗುವಾಗ ಚೀಲದಲ್ಲಿ ಹೋಗುತ್ತದೆ. ಆದರೆ ವ್ಯಾಪಾರ ನಡೆಯುವುದು ಅಡಿಕೆಗೆ, ಅದಕ್ಕೆ ಆಧಾರ ಮಂಡಿಯವರು ಕೊಡುವ ಪಟ್ಟಿ. ಸಿ.ಡಿ. ಎಂಬುದು ಚೀಲವಿದ್ದ ಹಾಗೆ. ಡಬ್ಬಿಯೊಳಗಿನ ಚೀಟಿಯಲ್ಲಿ ಅಚ್ಚಾದ ಕ್ರಮಸಂಖ್ಯೆ ಅಥವಾ ಕೀಲಿಸಂಖ್ಯೆಯೂ ಖರೀದಿಯ ಬಿಲ್ಲೂ ಪಟ್ಟಿಯಿದ್ದ ಹಾಗೆ. ಚೀಲ ಹರಿದರೆ ಬೇರೆ ಚೀಲ ಸಿಕ್ಕೀತು. ಪಟ್ಟಿ ಕಳೆದರೆ ನಮ್ಮ ಮಾಲು ಎಂದು ಸಾಧಿಸುವುದು ಕಷ್ಟ.

ಕಾನೂನೂ ಈ ವಿಚಾರದಲ್ಲಿ ಕೊಂಡವನ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ, ಗಣಕ ತಂತ್ರಾಂಶದ ಪ್ರತಿಯನ್ನು ನ್ಯಾಯವಾಗಿ ಹೊಂದಿದವರು, ಅದು ಯಾವ ಉದ್ದೇಶಕ್ಕೆ ಕೊಡಲ್ಪಟ್ಟಿತೋ ಆ ಉದ್ದೇಶಕ್ಕೆ ಬಳಸಿಕೊಳ್ಳುವ ಸಲುವಾಗಿ ಅದರಿಂದ ಪ್ರತಿ ಮಾಡಿಕೊಳ್ಳಬಹುದು. ನಷ್ಟ, ನಾಶ, ಹಾನಿಗಳಿಂದ ರಕ್ಷಣೆಗಾಗಿ ಒಂದು ಕಾಪುಪ್ರತಿಯನ್ನೂ ಮಾಡಿಟ್ಟುಕೊಳ್ಳಬಹುದು. ಆದಕಾರಣ ನಮ್ಮ ಸ್ವಂತ ಸಿ.ಡಿ.ಯನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಂಡು ನಮ್ಮ ಲ್ಯಾಪ್‌ಟಾಪಿಗೆ ತುಂಬುವುದರಲ್ಲಿ ಅಂಜಿಕೆ ಬೇಡ. ಅದೇ ಪ್ರತಿಯನ್ನು ಪಕ್ಕದ ತೋಟದವರಿಗೆ ಹಂಚುವುದು ಮಾತ್ರ ಬೇರೆಯೇ ವಿಚಾರ. ಅದಕ್ಕೆ ಈ ರಿಯಾಯಿತಿ ಇಲ್ಲ.

ಡ್ರೈವ್ ಏಕೆ ಮಾಯವಾಯಿತು?

ಸಿ.ಡಿ.ಯನ್ನು ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು 1982ರಲ್ಲಿ ಸಂಗೀತಕ್ಕಾಗಿ ಮಾರುಕಟ್ಟೆಗೆ ತಂದವು. 12 ಸೆಂಟಿಮೀಟರ್ ಅಗಲದ ಆ ಬಿಲ್ಲೆಯಲ್ಲಿ ಸುಮಾರು 700 ಎಂ.ಬಿ. ಮಾಹಿತಿ ಹಿಡಿಯುತ್ತದೆ. ಅದಕ್ಕೆ ಮುಂಚೆ ಇದ್ದ ಮೂರೂವರೆ ಅಂಗುಲದ ಫ್ಲಾಪಿಯಲ್ಲಿ ಹಿಡಿಯುತ್ತಿದ್ದುದು 1.44 ಎಂ.ಬಿ. ಮಾತ್ರ. ಒಂದು ಸಿ.ಡಿ. ಸುಮಾರು 480 ಫ್ಲಾಪಿಗಳ ಕೆಲಸ ಮಾಡಿತು. ಅನಂತರ ಬಂದ ಡಿ.ವಿ.ಡಿ.ಯಲ್ಲಿ 4.7 ಜಿ.ಬಿ. ಹಿಡಿಯಿತು. ಹೀಗಾಗಿ ಎರಡು ದಶಕಗಳ ಕಾಲ ತಂತ್ರಾಂಶವೆಂದರೆ ಸಿ.ಡಿ. ಡಬ್ಬಿ ಎಂಬ ಭಾವನೆ ಬೇರೂರಿತು.

ಕಾಲ ತಿರುಗಿತು. 2008ರ ಜನವರಿಯಲ್ಲಿ ಆಪಲ್ ಕಂಪನಿ ಸಿ.ಡಿ. ಡ್ರೈವ್ ಇಲ್ಲದ ತೆಳುವಾದ ಮ್ಯಾಕ್‌ಬುಕ್ ಏರ್ ಹೊರತಂದಿತು. ಮಿಕ್ಕ ತಯಾರಕರೂ ಕ್ರಮೇಣ ಅದೇ ಹಾದಿ ಹಿಡಿದರು. ಡ್ರೈವ್ ತೆಗೆದರೆ ಯಂತ್ರದ ದಪ್ಪ, ತೂಕ, ಬೆಲೆ ಮೂರೂ ಇಳಿಯುತ್ತವೆ, ಬ್ಯಾಟರಿಗೆ ಜಾಗ ಸಿಗುತ್ತದೆ. ಅಷ್ಟರಲ್ಲಿ ಇಂಟರ್ನೆಟ್ ಮನೆಮನೆಗೆ ಬಂದು, ತಂತ್ರಾಂಶವನ್ನು ಅದರ ಮೂಲಕವೇ ಇಳಿಸಿಕೊಳ್ಳುವ ಪದ್ಧತಿ ರೂಢಿಯಾಯಿತು. ಇಂದು ಅಂಗಡಿಯಲ್ಲಿ ಕೊಳ್ಳುವ ಎಷ್ಟೋ ಡಬ್ಬಿಗಳಲ್ಲಿ ಸಿ.ಡಿ.ಯ ಬದಲು ಕೀಲಿಸಂಖ್ಯೆ ಬರೆದ ಒಂದು ಕಾರ್ಡು ಮಾತ್ರ ಇರುತ್ತದೆ.

ಮೊದಲು ಕಾಗದ ಹುಡುಕಿ

ಯಾವ ಉಪಾಯಕ್ಕೂ ಕೈ ಹಾಕುವ ಮುನ್ನ ಈ ಕೆಳಗಿನವನ್ನು ಒಂದೆಡೆ ಜೋಡಿಸಿಕೊಳ್ಳತಕ್ಕದ್ದು.

1. ಖರೀದಿಯ ಬಿಲ್ಲು. ಉಷ್ಣಕಾಗದದ ರಸೀದಿಯಾದರೆ ಅಕ್ಷರ ಮಾಸುವ ಮುನ್ನ ಜೆರಾಕ್ಸ್ ಮಾಡಿಸಿಡಿ.

2. ಕ್ರಮಸಂಖ್ಯೆ ಅಥವಾ ಕೀಲಿಸಂಖ್ಯೆ. ಇದು ಡಬ್ಬಿಯ ಒಳಮೈಯಲ್ಲಿ, ಸಿ.ಡಿ. ಹೊದಿಕೆಯ ಮೇಲೆ ಅಥವಾ ಕೈಪಿಡಿಯ ಹಿಂದೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಸೊನ್ನೆಗೂ ‘ಓ’ ಅಕ್ಷರಕ್ಕೂ, ಒಂದಕ್ಕೂ ‘ಐ’ ಅಕ್ಷರಕ್ಕೂ ಗೊಂದಲವಾಗದಂತೆ ಬಿಡಿಸಿ ಬರೆದುಕೊಳ್ಳಿ.

3. ತಂತ್ರಾಂಶದ ಪೂರ್ತಿ ಹೆಸರು ಮತ್ತು ಆವೃತ್ತಿಯ ಸಂಖ್ಯೆ.

4. ಕೊಂಡಾಗ ನೋಂದಾಯಿಸಿದ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ವಿಳಾಸ. ಸಂಘಗಳಲ್ಲಿ ಹಿಂದಿನ ಕಾರ್ಯದರ್ಶಿಗಳ ಅಥವಾ ಗುಮಾಸ್ತರ ಸ್ವಂತ ಸಂಖ್ಯೆ ಕೊಟ್ಟಿರುವುದುಂಟು. ಅವರು ನಿವೃತ್ತರಾಗಿ ಊರು ಬಿಡುವ ಮುನ್ನ ಅದನ್ನು ಸಂಘದ ಹೆಸರಿಗೆ ಬದಲಿಸಿಕೊಳ್ಳುವುದು ಒಳಿತು.

ಈ ನಾಲ್ಕು ಕೈಯಲ್ಲಿದ್ದರೆ ಸಿ.ಡಿ. ಇಲ್ಲದೆಯೂ ಮುಕ್ಕಾಲು ಪಾಲು ಕೆಲಸ ಆದಂತೆಯೇ.

ಮೊದಲನೆಯ ದಾರಿ: ತಯಾರಕರಿಂದಲೇ ಇಳಿಸಿಕೊಳ್ಳುವುದು

ಎಲ್ಲಕ್ಕಿಂತ ಸುಲಭವಾದ ದಾರಿ ಇದು. ತಯಾರಕ ಕಂಪನಿಯ ಜಾಲತಾಣಕ್ಕೆ ಹೋಗಿ, ನಮ್ಮ ಆವೃತ್ತಿಯನ್ನು ಇಳಿಸಿಕೊಂಡು, ನಮ್ಮಲ್ಲಿರುವ ಕೀಲಿಸಂಖ್ಯೆಯನ್ನು ಕೊಟ್ಟರೆ ಆಯಿತು. ವೈರಸ್ ತಡೆ ತಂತ್ರಾಂಶಗಳ ಡಬ್ಬಿಯಲ್ಲಿ ಬರುವ ಸಿ.ಡಿ.ಗಿಂತ ಜಾಲತಾಣದಲ್ಲಿರುವ ಪ್ರತಿಯೇ ಮೇಲು. ಸಿ.ಡಿ. ಅಚ್ಚಾದ ದಿನಕ್ಕೂ ನಾವು ತುಂಬುವ ದಿನಕ್ಕೂ ನಡುವೆ ತಿಂಗಳುಗಟ್ಟಲೆ ಕಳೆದಿರುತ್ತದೆ. ಮುದ್ರಣಯಂತ್ರ, ಸ್ಕ್ಯಾನರ್ ಮೊದಲಾದವುಗಳ ಜೊತೆಗೆ ಬರುವ ಚಾಲಕ ತಂತ್ರಾಂಶದ ಸಿ.ಡಿ.ಗೂ ಇದೇ ಮಾತು ಸಲ್ಲುತ್ತದೆ. ಯಂತ್ರದ ಮೇಲಿರುವ ಮಾಡೆಲ್ ಸಂಖ್ಯೆಯನ್ನು ಜಾಲತಾಣದಲ್ಲಿ ಕೊಟ್ಟು ಹುಡುಕಿದರೆ ಸಾಮಾನ್ಯವಾಗಿ ಸಿಕ್ಕುತ್ತದೆ.

ನಮ್ಮ ಕಡೆ ಹೆಚ್ಚಾಗಿ ಬಳಕೆಯಲ್ಲಿರುವ ಬೆಂಗಳೂರಿನ ಟ್ಯಾಲಿ ಲೆಕ್ಕ ತಂತ್ರಾಂಶವನ್ನೂ ಈಗ ಕಂಪನಿಯ ಜಾಲತಾಣದಿಂದ ಇಳಿಸಿಕೊಂಡು, ಪರವಾನಗಿಯನ್ನು ಇಂಟರ್ನೆಟ್ ಮೂಲಕ ಚಾಲನೆಗೊಳಿಸುವ ಪದ್ಧತಿಯಿದೆ. ಇಲ್ಲಿ ಒಂದು ಎಚ್ಚರ ಅಗತ್ಯ. ಹಳೆಯ ಯಂತ್ರದಲ್ಲಿ ಪರವಾನಗಿಯನ್ನು ಒಪ್ಪಿಸಿಬಿಡುವ, ಅಂದರೆ ‘ಸರೆಂಡರ್’ ಮಾಡುವ ಏರ್ಪಾಡಿದೆ. ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಅದನ್ನು ಮಾಡಿ, ಆಮೇಲೆ ಹೊಸದರಲ್ಲಿ ಚಾಲನೆ ಕೊಡುವುದು ಸರಿಯಾದ ಕ್ರಮ. ಯಂತ್ರವನ್ನು ಗುಜರಿಗೆ ಕೊಟ್ಟ ಮೇಲೆ ಪರವಾನಗಿ ಬಿಡಿಸಿಕೊಳ್ಳುವುದು ವೃಥಾ ಓಡಾಟಕ್ಕೆ ದಾರಿ. ಬೇರೆ ಅನೇಕ ತಂತ್ರಾಂಶಗಳಲ್ಲೂ ಇಷ್ಟೇ ಯಂತ್ರಗಳಿಗೆ ಎಂಬ ಮಿತಿ ಇರುವುದರಿಂದ ಈ ಕ್ರಮವನ್ನು ಎಲ್ಲಕ್ಕೂ ಅನುಸರಿಸಬಹುದು.

ಜಾಲತಾಣದ ವಿಳಾಸವನ್ನು ಬಿಲ್ಲು ಅಥವಾ ಡಬ್ಬಿ ನೋಡಿ ನಾವೇ ಬೆರಳಚ್ಚು ಮಾಡಬೇಕು. ಹುಡುಕಾಟದಲ್ಲಿ ಮೇಲುಗಡೆ ಕಾಣುವುದೆಲ್ಲ ಅಸಲಿಯಲ್ಲ. ಜಾಹೀರಾತಿನ ಸೋಗಿನಲ್ಲಿ ನಕಲಿ ತಾಣಗಳೂ ಇರುತ್ತವೆ. ತುಂಬಲು ಹೊರಟಾಗ ವಿಂಡೋಸ್ ಒಂದು ಅನುಮತಿ ಚೌಕ ತೋರಿಸಿ, ಪ್ರಕಾಶಕರು ಯಾರು ಎಂದು ಹೇಳುತ್ತದೆ. ಈಗಷ್ಟೇ ಇಳಿಸಿಕೊಂಡ ಹೆಸರಾಂತ ತಂತ್ರಾಂಶಕ್ಕೆ ಪ್ರಕಾಶಕರು ಗೊತ್ತಿಲ್ಲ ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ.

ಎರಡನೆಯ ದಾರಿ: ಹೊರಗಿನ ಡ್ರೈವ್

ಕಂಪನಿ ಹಳೆಯ ಆವೃತ್ತಿಯನ್ನು ಜಾಲತಾಣದಿಂದ ತೆಗೆದಿರಬಹುದು, ಅಥವಾ ಕಂಪನಿಯೇ ಮುಚ್ಚಿರಬಹುದು. ತೋಟದ ಮನೆಯಲ್ಲಿ ಸಿಗ್ನಲ್ ಸಿಗದೆ ದೊಡ್ಡ ಕಡತ ಇಳಿಯದೇ ಇರಬಹುದು. ಆಗ ಸಿ.ಡಿ.ಯೇ ಗತಿ. ಅದಕ್ಕಾಗಿ ಯು.ಎಸ್.ಬಿ. ತಂತಿಯಿಂದ ಜೋಡಿಸುವ ಹೊರಗಿನ ಡಿ.ವಿ.ಡಿ. ಡ್ರೈವ್ ಸಿಗುತ್ತದೆ. ಅದರಲ್ಲಿ ಸಿ.ಡಿ., ಡಿ.ವಿ.ಡಿ. ಎರಡೂ ಓದಬಹುದು. ಅಂಗೈಯಗಲದ ಈ ವಸ್ತುವನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ವಿಂಡೋಸ್ ತಾನಾಗಿಯೇ ಗುರುತಿಸುತ್ತದೆ, ಬೇರೆ ಚಾಲಕ ತಂತ್ರಾಂಶ ಬೇಕಿಲ್ಲ. ಅನಂತರದ ಕೆಲಸವೆಲ್ಲ ಹಳೆಯ ಗಣಕಯಂತ್ರದಲ್ಲಿ ಮಾಡುತ್ತಿದ್ದಂತೆಯೇ.

ಕೊಳ್ಳುವಾಗ ಎರಡು ವಿಷಯ ಗಮನಿಸಿ. ಒಂದು, ನಿಮ್ಮ ಲ್ಯಾಪ್‌ಟಾಪಿನಲ್ಲಿರುವುದು ಹಳೆಯ ಚೌಕದ ಯು.ಎಸ್.ಬಿ. ರಂಧ್ರವೋ, ಮೊಬೈಲಿನಂತೆ ಅಂಡಾಕಾರದ ಸಿ ಮಾದರಿಯದೋ ಎಂಬುದು. ಎರಡನೆಯದಾದರೆ ಜೋಡಿಕೆಯೊಂದು ಬೇಕಾಗುತ್ತದೆ. ಇನ್ನೊಂದು, ವಿದ್ಯುತ್ತಿನ ಪ್ರಶ್ನೆ. ಯು.ಎಸ್.ಬಿ. 2.0 ರಂಧ್ರ 500 ಮಿಲಿ ಆಂಪಿಯರ್ ಮಾತ್ರ ಕೊಡುತ್ತದೆ, 3.0 ರಂಧ್ರ 900ರವರೆಗೆ ಕೊಡುತ್ತದೆ. ಡ್ರೈವಿನ ಮೋಟಾರು ತಿರುಗಲು ಮೊದಲನೆಯದು ಕೆಲವೊಮ್ಮೆ ಸಾಲದು. ಆಗ ಸಿ.ಡಿ. ತಿರುಗಿದಂತೆ ಮಾಡಿ ನಿಲ್ಲುತ್ತದೆ, ಕಟಕಟ ಸದ್ದು ಬರುತ್ತದೆ. ಡ್ರೈವ್ ಕೆಟ್ಟಿದೆಯೆಂದು ಹಿಂದಿರುಗಿಸುವ ಮುನ್ನ ಬೇರೆ ರಂಧ್ರಕ್ಕೆ ನೇರವಾಗಿ ಚುಚ್ಚಿ ನೋಡಿ. ಒಂದೇ ರಂಧ್ರಕ್ಕೆ ನಾಲ್ಕಾರು ಸಾಧನ ಹೂಡುವ ಹಬ್ಬಿನ ಮೂಲಕ ಜೋಡಿಸಬೇಡಿ. ಎರಡು ತುದಿಯ ತಂತಿ ಇರುವ ಡ್ರೈವಾದರೆ ಎರಡೂ ತುದಿಯನ್ನು ಚುಚ್ಚಬೇಕು.

ಮೂರನೆಯ ದಾರಿ: ಪೆನ್ ಡ್ರೈವಿಗೆ ನಕಲು

ಹಳೆಯ ಯಂತ್ರ ಇನ್ನೂ ಮನೆಯಲ್ಲಿದ್ದರೆ, ಅಥವಾ ಸಂಘದ ಕಚೇರಿಯಲ್ಲಿ, ಶಾಲೆಯಲ್ಲಿ, ಪಕ್ಕದವರ ಮನೆಯಲ್ಲಿ ಡ್ರೈವ್ ಇರುವ ಯಂತ್ರವೊಂದಿದ್ದರೆ ಏನನ್ನೂ ಕೊಳ್ಳಬೇಕಾಗಿಲ್ಲ. 16 ಜಿ.ಬಿ.ಯ ಒಂದು ಪೆನ್ ಡ್ರೈವಿನಲ್ಲಿ ತುಂಬಿದ ಸಿ.ಡಿ.ಗಳೇ ಇಪ್ಪತ್ತರಷ್ಟು ಹಿಡಿಯುತ್ತವೆ. ಮಾಡಬೇಕಾದ ಕ್ರಮ ಹೀಗೆ:

1. ಡ್ರೈವ್ ಇರುವ ಯಂತ್ರದಲ್ಲಿ ಸಿ.ಡಿ. ಹಾಕಿ. ತಾನಾಗಿ ತುಂಬಲು ಶುರುಮಾಡಿದರೆ ರದ್ದು ಮಾಡಿ.

2. ಪೆನ್ ಡ್ರೈವಿನಲ್ಲಿ ತಂತ್ರಾಂಶದ ಹೆಸರು, ಆವೃತ್ತಿ ಇರುವ ಹೊಸ ಫೋಲ್ಡರು ಮಾಡಿ.

3. ಸಿ.ಡಿ.ಯಲ್ಲಿರುವ ಎಲ್ಲ ಕಡತಗಳನ್ನೂ, ಮರೆಮಾಡಿದವು ಇದ್ದರೆ ಅವನ್ನೂ ಸೇರಿಸಿ, ಆ ಫೋಲ್ಡರಿಗೆ ನಕಲು ಮಾಡಿ. ‘ಸೆಟಪ್’ ಎಂಬ ಒಂದನ್ನೇ ಒಯ್ದರೆ ಪ್ರಯೋಜನವಿಲ್ಲ. ಅದು ಕೆಲಸಗಾರರನ್ನು ಕರೆಯುವ ಮೇಸ್ತ್ರಿ ಮಾತ್ರ, ಕೆಲಸ ಮಾಡುವವರು ಉಳಿದ ಕಡತಗಳಲ್ಲಿದ್ದಾರೆ.

4. ಕೀಲಿಸಂಖ್ಯೆಯನ್ನು ಒಂದು ಪುಟ್ಟ ಕಡತದಲ್ಲಿ ಬರೆದು ಅದೇ ಫೋಲ್ಡರಿನಲ್ಲಿಡಿ. ಕಾಗದದ ಮೇಲೂ ಇರಲಿ.

5. ಪೆನ್ ಡ್ರೈವನ್ನು ‘ಇಜೆಕ್ಟ್’ ಕೊಟ್ಟ ಮೇಲೆಯೇ ಕೀಳಿ.

6. ಹೊಸ ಲ್ಯಾಪ್‌ಟಾಪಿನಲ್ಲಿ ಫೋಲ್ಡರನ್ನು ಮೊದಲು ಲ್ಯಾಪ್‌ಟಾಪಿನೊಳಕ್ಕೇ ನಕಲು ಮಾಡಿ, ಅಲ್ಲಿಂದ ‘ಸೆಟಪ್’ ಕಡತವನ್ನು ಎರಡು ಬಾರಿ ಒತ್ತಿ. ಪೆನ್ ಡ್ರೈವ್ ಚುಚ್ಚಿದೊಡನೆ ತಾನಾಗಿ ಶುರುವಾಗುತ್ತದೆಂದು ಕಾಯಬೇಡಿ. ವೈರಸ್ ಹರಡದಿರಲೆಂದು ವಿಂಡೋಸ್ 7ರಿಂದೀಚೆಗೆ ಆ ಅನುಕೂಲವನ್ನು ಪೆನ್ ಡ್ರೈವುಗಳಿಗೆ ನಿಲ್ಲಿಸಲಾಗಿದೆ.

ನಾಲ್ಕನೆಯ ದಾರಿ: ಇಡೀ ಸಿ.ಡಿ.ಯ ಪ್ರತಿರೂಪ

ಕೆಲವು ತಂತ್ರಾಂಶಗಳು ಕಡತಗಳನ್ನಷ್ಟೇ ನಕಲು ಮಾಡಿದರೆ ಒಪ್ಪುವುದಿಲ್ಲ. ‘ಸಿ.ಡಿ. ಹಾಕಿ’ ಎಂದು ಕೇಳುತ್ತಲೇ ಇರುತ್ತವೆ. ಇಂಥವಕ್ಕೆ ಸಿ.ಡಿ.ಯ ಪೂರ್ತಿ ಪ್ರತಿರೂಪವನ್ನು ಒಂದೇ ಕಡತವಾಗಿ ಮಾಡಿಕೊಳ್ಳಬೇಕು. ಇದಕ್ಕೆ ಐ.ಎಸ್.ಓ. ಕಡತ ಎಂದು ಹೆಸರು. ಇದನ್ನು ಮಾಡಲು ಡ್ರೈವ್ ಇರುವ ಯಂತ್ರದಲ್ಲಿ ಒಂದು ಪ್ರತ್ಯೇಕ ತಂತ್ರಾಂಶ ಬೇಕು, ಉಚಿತವಾದವೂ ಇವೆ. ಬಳಸಲು ಮಾತ್ರ ಏನೂ ಬೇಡ. ವಿಂಡೋಸ್ 8ರಿಂದೀಚೆಗೆ ಐ.ಎಸ್.ಓ. ಕಡತವನ್ನು ಎರಡು ಬಾರಿ ಒತ್ತಿದರೆ ಸಾಕು, ನಿಜವಾದ ಸಿ.ಡಿ. ಹಾಕಿದಂತೆ ಹೊಸದೊಂದು ಡ್ರೈವ್ ಅಕ್ಷರ ಕಾಣಿಸಿಕೊಳ್ಳುತ್ತದೆ. ತಂತ್ರಾಂಶಕ್ಕೆ ಅದೇ ಸಿ.ಡಿ.

ಡಿ.ವಿ.ಡಿ.ಯ ಪ್ರತಿರೂಪ ಮಾಡುವವರು ಒಂದನ್ನು ತಿಳಿದಿರಬೇಕು. ಅಂಗಡಿಯಿಂದ ತಂದ ಪೆನ್ ಡ್ರೈವುಗಳು ಬಹುಮಟ್ಟಿಗೆ ಫ್ಯಾಟ್ 32 ಎಂಬ ಪದ್ಧತಿಯಲ್ಲಿರುತ್ತವೆ. ಅದರಲ್ಲಿ 4 ಜಿ.ಬಿ.ಗಿಂತ ದೊಡ್ಡದಾದ ಒಂದು ಕಡತ ಹಿಡಿಯುವುದಿಲ್ಲ. 32 ಜಿ.ಬಿ. ಖಾಲಿಯಿದ್ದರೂ ‘ಕಡತ ದೊಡ್ಡದು’ ಎಂದು ಹೇಳುವುದು ಇದಕ್ಕಾಗಿಯೇ. ಪೆನ್ ಡ್ರೈವನ್ನು ಎಕ್ಸ್‌ಫ್ಯಾಟ್ ಅಥವಾ ಎನ್.ಟಿ.ಎಫ್.ಎಸ್. ಪದ್ಧತಿಗೆ ಫಾರ್ಮ್ಯಾಟ್ ಮಾಡಿಕೊಂಡರೆ ಸರಿಹೋಗುತ್ತದೆ. ಹಾಗೆ ಮಾಡುವಾಗ ಅದರಲ್ಲಿದ್ದುದೆಲ್ಲ ಅಳಿಯುತ್ತದೆಂಬ ನೆನಪಿರಲಿ.

ಎರಡು ಯಂತ್ರಗಳೂ ಒಂದೇ ವೈಫೈಯಲ್ಲಿದ್ದರೆ ಹಳೆಯ ಯಂತ್ರದ ಸಿ.ಡಿ. ಡ್ರೈವನ್ನು ‘ಶೇರ್’ ಮಾಡಿ, ಹೊಸದರಿಂದಲೇ ಅದನ್ನು ತೆರೆಯುವುದೂ ಸಾಧ್ಯ. ಕಚೇರಿಗಳಲ್ಲಿ ಇದು ಅನುಕೂಲ. ಕೆಲಸ ಮುಗಿದ ಮೇಲೆ ಆ ಹಂಚಿಕೆಯನ್ನು ನಿಲ್ಲಿಸಬೇಕು.

ಇಷ್ಟಾದರೂ ಆಗದಿದ್ದರೆ

ಸಿ.ಡಿ. ಓದಿದರೂ ತಂತ್ರಾಂಶ ಕೂರದಿರುವುದುಂಟು. ಸಾಮಾನ್ಯ ಕಾರಣಗಳು ಇವು.

ಕಡಿಮೆ ಬೆಲೆಯ ಕೆಲವು ಹೊಸ ಲ್ಯಾಪ್‌ಟಾಪುಗಳು ವಿಂಡೋಸಿನ ‘ಎಸ್ ಮೋಡ್’ ಎಂಬ ವ್ಯವಸ್ಥೆಯಲ್ಲಿ ಬರುತ್ತವೆ. ಅದರಲ್ಲಿ ಮೈಕ್ರೋಸಾಫ್ಟ್ ಅಂಗಡಿಯಿಂದ ತಂದ ತಂತ್ರಾಂಶ ಮಾತ್ರ ಕೂರುತ್ತದೆ, ಸಿ.ಡಿ.ಯದು ಕೂರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಇದರಿಂದ ಹೊರಬರುವ ಅವಕಾಶವಿದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಆದರೆ ಒಮ್ಮೆ ಹೊರಬಂದರೆ ಮತ್ತೆ ಒಳಹೋಗಲಾಗದು.

ಎರಡನೆಯದು ಹಳೆಯ ಡಾಸ್ ಕಾಲದ ತಂತ್ರಾಂಶ. ಸಹಕಾರ ಸಂಘಗಳಲ್ಲಿ ಫಾಕ್ಸ್‌ಪ್ರೊದಲ್ಲಿ ಬರೆಸಿದ ಲೆಕ್ಕ ತಂತ್ರಾಂಶಗಳು ಬಹಳ ಕಾಲ ನಡೆದವು. ಅಂಥ 16 ಬಿಟ್ ತಂತ್ರಾಂಶಗಳು 64 ಬಿಟ್ ವಿಂಡೋಸಿನಲ್ಲಿ ನಡೆಯುವುದಿಲ್ಲ, ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದೊಳಗೆ ಇವನ್ನು ನಡೆಸಿ ನೋಡಬಹುದು. ನಿತ್ಯದ ವ್ಯವಹಾರಕ್ಕಲ್ಲ, ಹಳೆಯ ಲೆಕ್ಕ ತೆಗೆದು ನೋಡುವಷ್ಟಕ್ಕೆ.

ಮೂರನೆಯದು ಡಾಂಗಲ್ ಎಂಬ ಬೀಗದ ಕಾಯಿ. ಕೆಲವು ತಂತ್ರಾಂಶಗಳು ಯಂತ್ರದ ಹಿಂದೆ ಚುಚ್ಚುವ ಒಂದು ಚಿಕ್ಕ ಸಾಧನವಿಲ್ಲದೆ ತೆರೆಯುವುದಿಲ್ಲ. ಹಳೆಯವು ಮುದ್ರಣಯಂತ್ರದ ಅಗಲ ರಂಧ್ರಕ್ಕೆ ಚುಚ್ಚುವಂಥವು. ಹೊಸ ಲ್ಯಾಪ್‌ಟಾಪಿನಲ್ಲಿ ಆ ರಂಧ್ರವೂ ಇಲ್ಲ. ತಯಾರಕರನ್ನು ಕೇಳಿ ಯು.ಎಸ್.ಬಿ. ಡಾಂಗಲ್ ಅಥವಾ ಹೊಸ ಪರವಾನಗಿ ಪಡೆಯುವುದೇ ಪರಿಹಾರ. ಮಕ್ಕಳ ಆಟದ ಕೆಲವು ಹಳೆಯ ಸಿ.ಡಿ.ಗಳಲ್ಲಿದ್ದ ನಕಲು ತಡೆ ವ್ಯವಸ್ಥೆಯನ್ನು ವಿಂಡೋಸ್ 10 ಬಂದ 2015ರಿಂದಲೇ ಕೈಬಿಡಲಾಗಿದೆ. ಅವು ಕೂರದಿದ್ದರೆ ಡ್ರೈವನ್ನು ದೂರಿ ಫಲವಿಲ್ಲ.

ತಂತ್ರಾಂಶಕ್ಕಿಂತ ಲೆಕ್ಕ ದೊಡ್ಡದು

ತಂತ್ರಾಂಶವನ್ನು ಮತ್ತೆ ಕೊಳ್ಳಬಹುದು. ಅದರಲ್ಲಿ ನಾವು ಬರೆದಿಟ್ಟ ಲೆಕ್ಕವನ್ನು ಕೊಳ್ಳಲಾಗದು. ಸಿ.ಡಿ.ಯಿಂದ ತಂತ್ರಾಂಶ ಕೂರಿಸಿದೊಡನೆ ಹಳೆಯ ಲೆಕ್ಕ ತಾನಾಗಿ ಬಂದುಬಿಡುತ್ತದೆಂಬ ತಿಳಿವಳಿಕೆ ತಪ್ಪು. ಸಿ.ಡಿ.ಯಲ್ಲಿರುವುದು ಖಾಲಿ ಖಾತೆ ಪುಸ್ತಕ. ಬರೆದ ಪುಸ್ತಕ ಇರುವುದು ಹಳೆಯ ಯಂತ್ರದ ಹಾರ್ಡ್ ಡಿಸ್ಕಿನಲ್ಲಿ. ಆದ್ದರಿಂದ ಹಳೆಯ ಯಂತ್ರದಲ್ಲಿ ತಂತ್ರಾಂಶದ ‘ಬ್ಯಾಕಪ್’ ಕೊಟ್ಟು, ಆ ಕಡತವನ್ನು ಎರಡು ಬೇರೆ ಬೇರೆ ಸಾಧನಗಳಲ್ಲಿ ಉಳಿಸಿ, ಹೊಸದರಲ್ಲಿ ‘ರಿಸ್ಟೋರ್’ ಮಾಡಿ, ಕಳೆದ ಮಾರ್ಚ್ 31ರ ಅಖೈರು ಶಿಲ್ಕು ಎರಡರಲ್ಲೂ ತಾಳೆಯಾಗುತ್ತದೆಯೇ ನೋಡಬೇಕು. ತಾಳೆಯಾದ ಮೇಲೆಯೇ ಹಳೆಯ ಯಂತ್ರಕ್ಕೆ ವಿದಾಯ.

ಫಾಕ್ಸ್‌ಪ್ರೊ ಕಾಲದ ಲೆಕ್ಕ ಡಿ.ಬಿ.ಎಫ್. ಎಂಬ ಕಡತಗಳಲ್ಲಿರುತ್ತದೆ. ತಂತ್ರಾಂಶ ನಡೆಯದಿದ್ದರೂ ಉಚಿತವಾದ ಲಿಬ್ರೆ ಆಫೀಸಿನ ಲೆಕ್ಕಹಾಳೆಯಲ್ಲಿ ಈ ಕಡತಗಳನ್ನು ತೆರೆದು ಓದಬಹುದು. ಕಾಗದದ ಮೇಲೆ ಮುದ್ರಿಸಿಯೂ ಇಡಬಹುದು. ಕನ್ನಡ ನಡವಳಿಗಳ ವಿಷಯದಲ್ಲಿ ಇನ್ನೊಂದು ಸೂಚನೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಬೆರಳಚ್ಚು ಮಾಡಿದ ಸಭಾ ನಡವಳಿಗಳನ್ನು ನುಡಿ ಅಕ್ಷರಗಳಿಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಕೆಟ್ಟಿಲ್ಲ. ನುಡಿಯನ್ನು ಕೂರಿಸಿದರೆ ಓದಬಹುದು, ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ಮುಂದೆ ಯಾವ ಯಂತ್ರದಲ್ಲೂ ಓದಬಹುದು.

ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರ ಸಾಮಾನ್ಯ ತಂತ್ರಾಂಶ ಇಂಟರ್ನೆಟ್ ಮೂಲಕವೇ ನಡೆಯುವಂಥದು, ಸಿ.ಡಿ.ಯ ಮಾತೇ ಇಲ್ಲ. ಆದರೆ ಅಲ್ಲಿಗೆ ಒಯ್ಯಬೇಕಾದ ಹಳೆಯ ಲೆಕ್ಕ ಹಳೆಯ ತಂತ್ರಾಂಶದಲ್ಲೇ ಇರುತ್ತದೆ. ಅದನ್ನು ತೆರೆಯಲಾಗದಿದ್ದರೆ ಸದಸ್ಯರ ಬಾಕಿ ಎಷ್ಟೆಂದು ತಕರಾರು ಹುಟ್ಟಿದ ದಿನ ಸಂಘದ ಕೈಯಲ್ಲಿ ಆಧಾರವಿರುವುದಿಲ್ಲ. ಆಗ ನಷ್ಟಕ್ಕೆ ಗುರಿಯಾಗುವವರು ಸಣ್ಣ ಹಿಡುವಳಿದಾರರೇ.

ಸಿ.ಡಿ.ಗೂ ಆಯಸ್ಸಿದೆ

ಬೀರುವಿನಲ್ಲಿಟ್ಟ ಸಿ.ಡಿ. ಎಂದೆಂದಿಗೂ ಹಾಗೆಯೇ ಇರುತ್ತದೆಂದು ನಂಬಬೇಡಿ. ಅಂಗಡಿಯವರು ಅಥವಾ ತಂತ್ರಾಂಶ ಬರೆದವರು ತಮ್ಮ ಯಂತ್ರದಲ್ಲೇ ಸುಟ್ಟು ಕೊಟ್ಟ ಸಿ.ಡಿ.ಯಲ್ಲಿ ಮಾಹಿತಿ ನಿಂತಿರುವುದು ಒಂದು ಬಣ್ಣದ ಪದರದ ಮೇಲೆ. ಬಿಸಿಲು, ಶಾಖಗಳಿಗೆ ಅದು ಮಾಸುತ್ತದೆ. 2,050 ಮೆಗಾವ್ಯಾಟ್ ಸೌರವಿದ್ಯುತ್ ತೆಗೆಯುವ ಪಾವಗಡದ ಬಿಸಿಲಿನಲ್ಲಿ ಕಾರಿನ ಮುಂಗಾಜಿನ ಕೆಳಗೆ ಸಿ.ಡಿ. ಬಿಟ್ಟು ಹೋದರೆ ಆಗುವುದನ್ನು ಹೇಳಬೇಕಾಗಿಲ್ಲ. ಮಲೆನಾಡಿನವರಿಗೆ ತೇವ, ಬೂಷ್ಟುಗಳ ಕಾಟ.

ಸಿ.ಡಿ.ಯ ಹೊಳೆಯುವ ಕೆಳಮೈಯೇ ನಾಜೂಕಾದದ್ದೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಮಾಹಿತಿಯ ಪದರ ಇರುವುದು ಹೆಸರು ಅಚ್ಚಾದ ಮೇಲ್ಮೈಯ ತೀರ ಹತ್ತಿರ. ಮೇಲೆ ಗೀರಿದರೆ ಹಾನಿ ಹೆಚ್ಚು, ಚೂಪು ಪೆನ್ನಿನಿಂದ ಅಲ್ಲಿ ಬರೆಯಬಾರದು. ದೂಳಿದ್ದರೆ ಮೆತ್ತನೆಯ ಒಣ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲೂ ತಿರುವಿ ಒರೆಸಬೇಡಿ. ಒಂದು ಡ್ರೈವಿನಲ್ಲಿ ಓದದ ಸಿ.ಡಿ. ಇನ್ನೊಂದರಲ್ಲಿ ಓದುವುದುಂಟು. ಒಂದೇ ಪ್ರಯತ್ನಕ್ಕೆ ಕೈಬಿಡಬೇಡಿ.

ಬೇಡದ ದಾರಿ

ಸಿ.ಡಿ. ಹಾಕಲು ಜಾಗವಿಲ್ಲವೆಂದ ಕೂಡಲೇ ‘ಅದಕ್ಕೇಕೆ ಅಷ್ಟು ತಲೆಬಿಸಿ, ನಾನೇ ಒಂದು ಹಾಕಿಕೊಡುತ್ತೇನೆ’ ಎಂದು ಬೀಗ ಮುರಿದ ಪ್ರತಿಯನ್ನು ತುಂಬಿಕೊಡುವವರು ಎಲ್ಲ ಪೇಟೆಗಳಲ್ಲೂ ಇದ್ದಾರೆ. ಒಪ್ಪಬೇಡಿ. ನ್ಯಾಯವಾಗಿ ಕೊಂಡವರು ಕಳ್ಳಮಾಲಿನ ಹಂಗಿಗೆ ಬೀಳುವುದು ವಿಪರ್ಯಾಸ. ಉಲ್ಲಂಘನೆಯ ಪ್ರತಿಯೆಂದು ತಿಳಿದೂ ಗಣಕಯಂತ್ರದಲ್ಲಿ ಬಳಸಿದವರಿಗೆ ಕೃತಿಸ್ವಾಮ್ಯ ಕಾಯಿದೆಯ 63-ಬಿ ಪ್ರಕರಣದಲ್ಲಿ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆ ಮತ್ತು 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ವ್ಯಾಪಾರದ ಲಾಭಕ್ಕಲ್ಲದಿದ್ದರೆ ನ್ಯಾಯಾಲಯ ಶಿಕ್ಷೆಯನ್ನು ಇಳಿಸಬಹುದು, ಅಷ್ಟೆ. ಇದಕ್ಕಿಂತ ದೊಡ್ಡ ಅಪಾಯ ಅಂಥ ಪ್ರತಿಗಳೊಳಗೆ ಅಡಗಿಕೊಂಡು ಬರುವ ದುಷ್ಟ ತಂತ್ರಾಂಶದ್ದು. ಕಡತಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ಜಾತಿಯದು ಒಳಹೊಕ್ಕರೆ ಪೂರ್ತಿ ಖಾತೆಯೇ ಹೋದಂತೆ.

ದೂರದಿಂದಲೇ ತುಂಬಿಕೊಡುತ್ತೇವೆಂದು ಫೋನು ಮಾಡಿ, ಪರದೆ ಹಂಚಿಕೊಳ್ಳಲು ಹೇಳಿ, ಓ.ಟಿ.ಪಿ. ಕೇಳುವವರ ಬಗ್ಗೆಯೂ ಎಚ್ಚರವಿರಲಿ. ನಾವಾಗಿ ಕರೆಯದೆ ಬಂದ ಸಹಾಯ ಸಹಾಯವಲ್ಲ. ಹಣ ಹೋದರೆ ತಡಮಾಡದೆ 1930 ಸಹಾಯವಾಣಿಗೆ ತಿಳಿಸಬೇಕು.

ಒಂದು ಡ್ರೈವ್, ನಾಲ್ಕು ತಾಲ್ಲೂಕು

ಹೊರಗಿನ ಡ್ರೈವನ್ನು ಪ್ರತಿಯೊಬ್ಬ ಬೆಳೆಗಾರರೂ ಕೊಳ್ಳಬೇಕೆಂದು ಈ ಲೇಖನದ ಅಭಿಪ್ರಾಯವಲ್ಲ. ಒಬ್ಬ ಸಣ್ಣ ಹಿಡುವಳಿದಾರರಿಗೆ ಅದರ ಕೆಲಸ ಒಂದು ಮಧ್ಯಾಹ್ನದ್ದು. ಆಮೇಲೆ ಅದು ಬೀರುವಿನ ಪಾಲು. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರು. ಒಂದು ಸಿ.ಡಿ. ಓದಿಸಲು ಅಲ್ಲಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಒಂದು ದಿನ, ಬಸ್ಸಿನ ಖರ್ಚು ಕಳೆಯುವುದೂ ಲಾಭದ ಮಾತಲ್ಲ. ಔಷಧಿ ಸಿಂಪಡಿಸುವ ಪಂಪನ್ನು ಸರದಿಯ ಮೇಲೆ ಬಳಸುವ ರೂಢಿ ನಮ್ಮಲ್ಲಿ ಹೊಸದಲ್ಲ. ಅದೇ ರೀತಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕಕ್ಕೂ ಸೇರಿ ಒಂದು ಡ್ರೈವ್, ಅದರ ಜೊತೆಗೆ ಸಿ ಮಾದರಿಯ ಜೋಡಿಕೆ, ಒಂದು ಸರದಿ ಪುಸ್ತಕ ಇದ್ದರೆ ಸಾಕು. ಒಂದು ತಿಂಗಳು ಒಂದು ತಾಲ್ಲೂಕಿನಲ್ಲಿ ಇರಲಿ. ಆ ತಿಂಗಳಲ್ಲಿ ಅಲ್ಲಿಯ ಸದಸ್ಯರು ತಮ್ಮ ಸಿ.ಡಿ.ಗಳನ್ನೆಲ್ಲ ತಂದು, ತಂತಮ್ಮ ಪೆನ್ ಡ್ರೈವಿಗೆ ಪ್ರತಿರೂಪ ಮಾಡಿಕೊಳ್ಳಲಿ. ನಾಲ್ಕು ತಿಂಗಳಲ್ಲಿ ಕೆಲಸ ಮುಗಿಯುತ್ತದೆ. ಮುಂದೆ ಡ್ರೈವ್ ಕೆಟ್ಟರೂ ಯಾರಿಗೂ ನಷ್ಟವಿಲ್ಲ. ಮಲೆನಾಡಿನ ಸದಸ್ಯರೂ ತಮ್ಮ ತಮ್ಮ ಹೋಬಳಿಗಳಲ್ಲಿ ಇದನ್ನೇ ಅನುಸರಿಸಬಹುದು.

ಯುವಕರು ಈ ಕೆಲಸಕ್ಕೆ ಮುಂದೆ ಬರಬೇಕು. ಕಾಲೇಜು ಓದುವ ಮಗನಿಗೋ ಮಗಳಿಗೋ ಇದು ಅರ್ಧ ದಿನದ ಕೆಲಸ, ತಂದೆಗೆ ಅದು ಹದಿನೈದು ವರ್ಷದ ಲೆಕ್ಕ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ನಮ್ಮ ನಾಡಿನ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದಾಗ ಲೆಕ್ಕವೆಲ್ಲ ಶಾಯಿಯಲ್ಲಿತ್ತು. ಶಾಯಿ ಓದಲು ಕಣ್ಣಿದ್ದರೆ ಸಾಕು, ಯಂತ್ರ ಬೇಕಿಲ್ಲ. ಇಂದಿನ ಲೆಕ್ಕ ಓದಲು ಯಂತ್ರ ಬೇಕು, ತಂತ್ರಾಂಶ ಬೇಕು, ಅದನ್ನು ತೆರೆಯುವ ಕೀಲಿ ಬೇಕು. ಈ ಮೂರನ್ನೂ ಕಾಯ್ದುಕೊಳ್ಳುವುದು ಶಾಯಿಯ ಪುಸ್ತಕವನ್ನು ಗೆದ್ದಲಿನಿಂದ ಕಾಯ್ದಷ್ಟೇ ಅಗತ್ಯ. ಆದುದರಿಂದ ಸದಸ್ಯ ಬಂಧುಗಳು ಈ ವಾರವೇ ಬೀರು ತೆಗೆದು ಸಿ.ಡಿ., ಬಿಲ್ಲು, ಕೀಲಿಸಂಖ್ಯೆಗಳನ್ನು ಒಂದೇ ಲಕೋಟೆಯಲ್ಲಿ ಹಾಕಿ, ಅದರ ಮೇಲೆ ತಂತ್ರಾಂಶದ ಹೆಸರು ಬರೆದಿಡಬೇಕಾಗಿ ಕೋರಿಕೆ. ಪ್ರತಿ ಮಾಡಿಕೊಳ್ಳುವ ತನಕ ಹಳೆಯ ಯಂತ್ರ ಮನೆಯಲ್ಲೇ ಇರಲಿ. ಗುಜರಿಯವರು ಮುಂದಿನ ತಿಂಗಳೂ ಬರುತ್ತಾರೆ.